ಮನೆಗಿಂತ ಮೊದಲು ದಾರಿ ಮುಳುಗುತ್ತದೆ: ಕೃಷ್ಣಾ ತೀರದ ಓದುಗರಿಗೆ ಉತ್ತರ

ಪ್ರಶ್ನೆ: ಚಿಕ್ಕೋಡಿ ತಾಲ್ಲೂಕಿನಲ್ಲಿ ಕೃಷ್ಣಾ ನದಿಗೆ ಹತ್ತಿರದ ತೋಟದ ಮನೆಯಲ್ಲಿ ನಮ್ಮ ವಾಸ. ಮನೆಯ ಮುಂಭಾಗ ಆರ್‌ಸಿಸಿ, ಹಿಂಭಾಗ ಹಳೆಯ ಮಣ್ಣಿನ ಗೋಡೆ. 78 ವರ್ಷದ ತಾಯಿ, ಅಣ್ಣ, ಅತ್ತಿಗೆ, ನಾನು, ನನ್ನ ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು ಇದ್ದೇವೆ. ಎರಡು ಎಮ್ಮೆ, ಒಂದು ಆಕಳು ಇವೆ. 2019ರಲ್ಲಿ ಮನೆಯೊಳಗೆ ಎದೆಮಟ್ಟದ ನೀರು ನಿಂತಿತ್ತು. 2021ರಲ್ಲಿ ಅಂಗಳದವರೆಗೆ ಬಂದು ಇಳಿಯಿತು. ಅಂದಿನಿಂದ ಅಧಿಕಾರಿಗಳು ಮನೆ ಬಿಡಲು ಹೇಳಿದಾಗಲೆಲ್ಲ ಅಣ್ಣ, “ಹೊಸ್ತಿಲಿಗೆ ನೀರು ಬರಲಿ, ಆಮೇಲೆ ನೋಡೋಣ, ಬಂದರೂ ಮಾಳಿಗೆ ಇದೆ” ಎನ್ನುತ್ತಾನೆ. ನಾವು ಯಾವಾಗ ಹೊರಡಬೇಕು? ಏನೇನು ಸಿದ್ಧವಾಗಿಟ್ಟುಕೊಳ್ಳಬೇಕು? ಸಿಕ್ಕಿಹಾಕಿಕೊಂಡರೆ ಏನು ಮಾಡಬೇಕು?

ಉತ್ತರ: ನಿಮ್ಮ ಅಣ್ಣನವರು ಹೊಸ್ತಿಲನ್ನು ಅಳತೆಗೋಲಾಗಿ ಇಟ್ಟುಕೊಂಡಿದ್ದಾರೆ. ತೊಂದರೆ ಇರುವುದು ಅಲ್ಲಿಯೇ. ಹೊಳೆಯ ಸಾಲಿನ ತೋಟದ ಮನೆಗಳನ್ನು ಸಾಮಾನ್ಯವಾಗಿ ಸುತ್ತಲಿನ ಹೊಲಕ್ಕಿಂತ ತುಸು ಎತ್ತರದಲ್ಲಿ ಕಟ್ಟಿರುತ್ತಾರೆ. ಆದರೆ ಮನೆಯಿಂದ ಊರಿಗೆ ಹೋಗುವ ಹಾದಿ ಎಲ್ಲೋ ಒಂದು ಕಡೆ ಹಳ್ಳವನ್ನೋ ತಗ್ಗನ್ನೋ ದಾಟಿಯೇ ಹೋಗುತ್ತದೆ. ಮಹಾಪೂರದ ನೀರು ನೇರವಾಗಿ ಹೊಳೆಯ ದಂಡೆಯನ್ನು ಏರಿ ಅಂಗಳಕ್ಕೆ ಬರುವುದಕ್ಕಿಂತ ಮೊದಲು ಹಳ್ಳದ ಬಾಯಿಯಿಂದ ಹಿಂದಕ್ಕೆ ಒತ್ತಿಕೊಂಡು ಬಂದು ಈ ತಗ್ಗನ್ನು ತುಂಬುತ್ತದೆ. ಆದ್ದರಿಂದ ನೀವು ಲೆಕ್ಕ ಹಾಕಬೇಕಾದದ್ದು ಮನೆ ಮುಳುಗುವ ಹೊತ್ತನ್ನಲ್ಲ, ದಾರಿ ಮುಳುಗುವ ಹೊತ್ತನ್ನು. ಒಂದು ಉದಾಹರಣೆ ನೋಡಿ: ನೀರು ಈಗ ದಾರಿಯ ತಗ್ಗಿಗಿಂತ 50 ಸೆಂಟಿಮೀಟರ್ ಕೆಳಗೆ, ಹೊಸ್ತಿಲಿಗಿಂತ 150 ಸೆಂಟಿಮೀಟರ್ ಕೆಳಗೆ ಇದೆ ಎಂದುಕೊಳ್ಳಿ. ಗಂಟೆಗೆ 10 ಸೆಂಟಿಮೀಟರ್‌ನಂತೆ ಏರುತ್ತಿದ್ದರೆ ಹೊಸ್ತಿಲು ಮುಟ್ಟಲು 15 ಗಂಟೆ ಬೇಕು, ದಾರಿ ಮುಳುಗಲು ಐದೇ ಗಂಟೆ ಸಾಕು. ನಡುವಿನ ಹತ್ತು ಗಂಟೆಗಳಲ್ಲಿ ನಿಮ್ಮ ಮನೆ ಒಣಗಿಯೇ ಇರುತ್ತದೆ, ಆದರೆ ಅದು ನಡುಗಡ್ಡೆಯಾಗಿರುತ್ತದೆ. ದೋಣಿಯಲ್ಲಿ ಕರೆತರಬೇಕಾಗಿ ಬರುವ ಬಹಳಷ್ಟು ಕುಟುಂಬಗಳು ಸಿಲುಕುವುದು ಈ ಅವಧಿಯಲ್ಲಿಯೇ. ಅವರು ಹೊಳೆಯನ್ನು ನೋಡುತ್ತಿರುತ್ತಾರೆ, ಹಿಂದಿನ ಹಾದಿಯನ್ನು ನೋಡಿರುವುದಿಲ್ಲ.

ಈ ಅಳತೆಯನ್ನು ಬೇಸಿಗೆಯಲ್ಲಿಯೇ ಮಾಡಿಟ್ಟುಕೊಳ್ಳಬಹುದು. ಗೌಂಡಿಗಳು ಅಡಿಪಾಯದ ಮಟ್ಟ ನೋಡಲು ಬಳಸುವ, ನೀರು ತುಂಬಿದ ಪಾರದರ್ಶಕ ಲೆವೆಲ್ ಪೈಪು ಇದಕ್ಕೆ ಸಾಕು. 2019ರ ನೀರಿನ ಕಲೆ ನಿಮ್ಮ ಗೋಡೆಯ ಮೇಲೆ ಇನ್ನೂ ಇದ್ದರೆ ಅಲ್ಲಿಂದ, ಇಲ್ಲದಿದ್ದರೆ ಹೊಸ್ತಿಲಿನಿಂದ ಹಂತಹಂತವಾಗಿ ಮಟ್ಟ ಹಿಡಿಯುತ್ತ ಹೋಗಿ, ದಾರಿಯ ಅತಿ ತಗ್ಗಿನ ಜಾಗ ಹೊಸ್ತಿಲಿಗಿಂತ ಎಷ್ಟು ಕೆಳಗಿದೆ ಎಂಬುದನ್ನು ಕಂಡುಕೊಳ್ಳಿ. ಅನಂತರ ಮನೆಯಿಂದ ಕಾಣುವ, ಆ ತಗ್ಗಿನ ಮಟ್ಟಕ್ಕಿಂತ ಒಂದು ಮೀಟರ್ ಕೆಳಗಿರುವ ಒಂದು ಗುರುತನ್ನು ಆರಿಸಿಕೊಳ್ಳಿ. ಅದು ಪಂಪ್‌ಹೌಸಿನ ಮೆಟ್ಟಿಲಾಗಿರಬಹುದು, ಬದುವಿನ ಕಲ್ಲಾಗಿರಬಹುದು, ಬೇವಿನ ಮರದ ಬೊಡ್ಡೆಯಾಗಿರಬಹುದು. ಅದಕ್ಕೆ ಕೆಂಪು ಬಣ್ಣ ಬಳಿಯಿರಿ. ನೀರು ಆ ಗುರುತನ್ನು ಮುಟ್ಟಿತೆಂದರೆ ಮನೆಯಲ್ಲಿ ಚರ್ಚೆ ಮುಗಿಯಿತು ಎಂದು ಏಪ್ರಿಲ್ ತಿಂಗಳಲ್ಲೇ, ಎಲ್ಲರೂ ಸಮಾಧಾನದಿಂದ ಇರುವಾಗ, ಅಣ್ಣನವರಿಂದಲೇ ಒಪ್ಪಿಗೆ ಪಡೆಯಿರಿ. ಮಳೆ ಸುರಿಯುತ್ತಿರುವಾಗ ರಾತ್ರಿ ಹನ್ನೊಂದಕ್ಕೆ ನಡೆಯುವ ವಾದದಲ್ಲಿ ಗೆಲ್ಲುವವರು ಯಾವಾಗಲೂ “ಇನ್ನೊಂದು ತಾಸು ನೋಡೋಣ” ಎನ್ನುವವರೇ ಆಗಿರುತ್ತಾರೆ. ಇದಕ್ಕೆ ಒಂದು ಉಪನಿಯಮವೂ ಬೇಕು: ಲೆಕ್ಕದ ಪ್ರಕಾರ ದಾರಿ ಕತ್ತಲಾದ ಮೇಲೆ ಮುಳುಗುವಂತಿದ್ದರೆ, ಗುರುತಿಗೆ ಕಾಯದೆ ಆ ದಿನ ಮಧ್ಯಾಹ್ನವೇ ಹೊರಡಬೇಕು. ತಾಯಿಯವರೂ ದನಗಳೂ ಇರುವ ಮನೆಯನ್ನು ಖಾಲಿ ಮಾಡಲು ನಿಮಗೆ ಎಷ್ಟು ಹೊತ್ತು ಬೇಕೆಂದು ಅಂದಾಜಿಸುತ್ತೀರೋ ಅದರ ಎರಡರಷ್ಟನ್ನು ಲೆಕ್ಕಕ್ಕೆ ಹಿಡಿಯಿರಿ.

ಕೃಷ್ಣಾ ನದಿಯ ವಿಷಯದಲ್ಲಿ ನಿಮಗೊಂದು ಅನುಕೂಲವಿದೆ. ನಿಮ್ಮ ಊರಿನ ಮಹಾಪೂರ ನಿಮ್ಮ ಊರಿನ ಮಳೆಯಿಂದ ಬರುವುದಲ್ಲ. ಮಹಾಬಳೇಶ್ವರ, ಕೊಯ್ನಾ, ನವಜಾ, ರಾಧಾನಗರಿ ಸುತ್ತಲಿನ ಸಹ್ಯಾದ್ರಿಯ ಮಳೆಯಿಂದ ಬರುವುದು. 105 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಸಾಮರ್ಥ್ಯದ ಕೊಯ್ನಾ ಜಲಾಶಯದಿಂದ ಬಿಟ್ಟ ನೀರು ಕರಾಡದಲ್ಲಿ ಕೃಷ್ಣೆಯನ್ನು ಸೇರಿ, ಸಾಂಗಲಿಯನ್ನು ಹಾದು, ನರಸೋಬವಾಡಿಯಲ್ಲಿ ಪಂಚಗಂಗೆಯನ್ನು ಕೂಡಿಕೊಂಡು, ರಾಜಾಪುರ ಬ್ಯಾರೇಜ್ ದಾಟಿ ಕರ್ನಾಟಕಕ್ಕೆ ಬರುತ್ತದೆ. ಈ ಪಯಣ ಕೆಲವು ತಾಸುಗಳಲ್ಲಿ ಮುಗಿಯುವಂಥದ್ದಲ್ಲ. ಹೀಗಾಗಿ ಮೇಲಿನ ಊರುಗಳ ಅಂಕಿಗಳನ್ನು ಓದಬಲ್ಲವರಿಗೆ ಹೊಳೆ ಮೊದಲೇ ಹೇಳಿಯೇ ಬರುತ್ತದೆ. ಸಾಂಗಲಿಯ ಇರ್ವಿನ್ ಸೇತುವೆಯಲ್ಲಿ ಅಪಾಯದ ಮಟ್ಟ 45 ಅಡಿ. 2019ರ ಆಗಸ್ಟ್‌ನಲ್ಲಿ ಅಲ್ಲಿ ನೀರು 57 ಅಡಿಯನ್ನು ದಾಟಿತ್ತು. ಕೊಲ್ಹಾಪುರದ ರಾಜಾರಾಮ ಬಂಧಾರದಲ್ಲಿ ಎಚ್ಚರಿಕೆಯ ಮಟ್ಟ 39 ಅಡಿ, ಅಪಾಯದ ಮಟ್ಟ 43 ಅಡಿ. ಈ ಎರಡೂ ಕಡೆ ಎಚ್ಚರಿಕೆಯ ಮಟ್ಟ ದಾಟಿದ ಸುದ್ದಿ ಬಂದ ದಿನವೇ ನೀವು ದನಗಳನ್ನೂ ಕಾಳುಕಡಿಯನ್ನೂ ಸಾಗಿಸಲು ಆರಂಭಿಸಬೇಕು. ನಿಮ್ಮ ಅಂಗಳದಲ್ಲಿ ಆಗ ಬಿಸಿಲೇ ಇದ್ದರೂ ಸರಿ.

ಪತ್ರಿಕೆಗಳಲ್ಲಿ ಬರುವ ಕ್ಯುಸೆಕ್ ಅಂಕಿಗಳನ್ನೂ ಹೀಗೆಯೇ ಬಳಸಿಕೊಳ್ಳಬಹುದು. ರಾಜಾಪುರ ಬ್ಯಾರೇಜಿನಿಂದ ಬರುವ ಹರಿವಿಗೆ ದೂಧಗಂಗೆಯ ಹರಿವು ಸೇರಿ ಕಲ್ಲೋಳದ ಬಳಿ ಒಟ್ಟು ಎಷ್ಟಾಯಿತು ಎಂಬುದು ಮಳೆಗಾಲದಲ್ಲಿ ಪ್ರತಿದಿನ ಪ್ರಕಟವಾಗುತ್ತದೆ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರ್. 1 ಲಕ್ಷ ಕ್ಯುಸೆಕ್ ನೀರು ಇಡೀ ದಿನ ಹರಿದರೆ 8.64 ಟಿಎಂಸಿ ಆಗುತ್ತದೆ. ಆದರೆ ಇಂತಿಷ್ಟು ಲಕ್ಷ ಎಂಬ ಅಂಕಿ ತಾನಾಗಿ ನಿಮ್ಮ ಮನೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಮಳೆಗಾಲ ದಿನಾಂಕ, ಕಲ್ಲೋಳದ ಹರಿವು, ಅಂದು ನೀರು ನಿಮ್ಮ ಹೊಲದ ಯಾವ ಬದುವಿನವರೆಗೆ ಬಂದಿತ್ತು ಎಂಬುದನ್ನು ಬರೆದಿಡುತ್ತ ಹೋದರೆ ಎರಡು ಮೂರು ವರ್ಷಗಳಲ್ಲಿ ನಿಮ್ಮ ಮನೆಗೇ ಸೀಮಿತವಾದ ಮುನ್ಸೂಚನೆಯ ಕೋಷ್ಟಕವೊಂದು ಸಿದ್ಧವಾಗುತ್ತದೆ. ಕೇಂದ್ರ ಜಲ ಆಯೋಗದ ಮುನ್ಸೂಚನೆ, ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಹಿತಿ, ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳು ಇದರ ಜೊತೆಗಿರಲಿ. ಹವಾಮಾನ ಇಲಾಖೆಯ ಎಚ್ಚರಿಕೆಯನ್ನು ಓದುವಾಗ ಬೆಳಗಾವಿ ಜಿಲ್ಲೆಯ ಬಣ್ಣವನ್ನಷ್ಟೇ ನೋಡದೆ ಸಾತಾರಾ, ಸಾಂಗಲಿ, ಕೊಲ್ಹಾಪುರ ಜಿಲ್ಲೆಗಳ ಬಣ್ಣವನ್ನೂ ನೋಡಿ.

ಈ ಅನುಕೂಲಕ್ಕೆ ಎರಡು ಅಪವಾದಗಳಿವೆ. ಮೊದಲನೆಯದು ದೂಧಗಂಗಾ, ವೇದಗಂಗಾ, ಪಂಚಗಂಗಾ ನದಿಗಳು. ಇವುಗಳ ಹಾದಿ ಚಿಕ್ಕದು, ಆದ್ದರಿಂದ ಘಟ್ಟದ ಮಳೆ ಬೇಗ ಕೆಳಗೆ ತಲುಪುತ್ತದೆ. ರಾಧಾನಗರಿ ಜಲಾಶಯಕ್ಕಂತೂ ನೀರಿನ ಒತ್ತಡದಿಂದ ತಾವಾಗಿ ತೆರೆದುಕೊಳ್ಳುವ ಬಾಗಿಲುಗಳಿವೆ. 2021ರ ಜುಲೈ 23ರ ಬೆಳಿಗ್ಗೆಗೆ ಕೊನೆಗೊಂಡ 24 ಗಂಟೆಗಳಲ್ಲಿ ಮಹಾಬಳೇಶ್ವರದಲ್ಲಿ 594 ಮಿಲಿಮೀಟರ್ ಮಳೆ ಸುರಿದಿತ್ತು. ಅಂಥ ದಿನಗಳಲ್ಲಿ ಹೊರಡಲು ಸಿಗುವ ಬಿಡುವಿನ ಲೆಕ್ಕವನ್ನು ಅರ್ಧಕ್ಕಿಳಿಸಿಕೊಳ್ಳಬೇಕು. ಎರಡನೆಯದು ಊರಿನ ಹಳ್ಳ. ಅಣೆಕಟ್ಟೂ ಇಲ್ಲ, ಅಳತೆಯ ಕೇಂದ್ರವೂ ಇಲ್ಲ; ಮೇಲಿನ ಹೊಲಗಳಲ್ಲಿ ಒಂದು ಸಂಜೆ ಬಿದ್ದ ಮಳೆಗೆ ಅದು ತಾಸಿನೊಳಗೆ ತುಂಬಿ ಹರಿಯಬಲ್ಲದು. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ವಾರದಲ್ಲಿ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನರ ಜೀವ ತೆಗೆದ ವಿಪತ್ತು ಘಟ್ಟದ ನೀರಿನಿಂದಲ್ಲ, ಬಯಲುಸೀಮೆಯ ಮೇಲೆಯೇ ಸುರಿದ ಮಳೆಯಿಂದ ಬಂದದ್ದು. ಆಗ ಮೇಲಿನ ಊರಿನ ಅಂಕಿಗಳನ್ನು ನೋಡಿಕೊಂಡು ಕುಳಿತಿದ್ದರೆ ಪ್ರಯೋಜನವಾಗುತ್ತಿರಲಿಲ್ಲ.

ವಾಟ್ಸ್ಆ್ಯಪ್‌ನಲ್ಲಿ ಪ್ರತಿ ವರ್ಷ ಹರಿದಾಡುವ “ಕೊಯ್ನಾ ಒಡೆದಿದೆ” ಎಂಬ ಸುದ್ದಿಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅನುಮಾನ ಬಂದರೆ ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ 1077ಕ್ಕೆ ಕರೆ ಮಾಡಿ ಕೇಳಿ. ಕೆಳಗಿನ ಆಲಮಟ್ಟಿ ಅಣೆಕಟ್ಟಿನಿಂದ ಎಷ್ಟು ನೀರು ಬಿಡುತ್ತಿದ್ದಾರೆ, ಏಕೆ ಬಿಡುತ್ತಿಲ್ಲ ಎಂಬ ವಾದವೂ ಹಾಗೆಯೇ. ಅದು ಎರಡು ರಾಜ್ಯಗಳ ನಡುವಿನ ದೊಡ್ಡ ವಿವಾದ, ನಿಮ್ಮ ಎಮ್ಮೆಗಳನ್ನು ಯಾವಾಗ ಬಿಚ್ಚಬೇಕು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಈಗ ಮಾಳಿಗೆಯ ವಿಚಾರ. ಆರ್‌ಸಿಸಿ ಚಾವಣಿ ನೀರಿಗಿಂತ ಎತ್ತರದಲ್ಲಿರುತ್ತದೆ ಎಂಬುದು ನಿಜ. ಆದರೆ ಕೃಷ್ಣಾ ಕಣಿವೆಯ ಈ ಭಾಗದಲ್ಲಿ ಇಳಿಜಾರು ಬಹಳ ಕಡಿಮೆ. ಏರಿದ ನೀರು ಒಂದೇ ರಾತ್ರಿಯಲ್ಲಿ ಇಳಿಯುವುದಿಲ್ಲ, ದಿನಗಟ್ಟಲೆ ನಿಲ್ಲುತ್ತದೆ. ಅಷ್ಟು ದಿನ ಏಳು ಜನ ಮಳೆಯಲ್ಲಿ, ವಿದ್ಯುತ್ತಿಲ್ಲದೆ, ಶೌಚಾಲಯವಿಲ್ಲದೆ, ಸತ್ತ ಮೊಬೈಲು ಹಿಡಿದುಕೊಂಡು ಚಾವಣಿಯ ಮೇಲೆ ಇರಬೇಕಾಗುತ್ತದೆ. ತಾಯಿಯವರಿಗೆ ಎದೆನೋವೋ ಜ್ವರವೋ ಬಂದರೆ 108 ವಾಹನ ನಿಮ್ಮ ಬಾಗಿಲಿಗೆ ಬರಲಾರದು. ಇನ್ನೂ ಗಂಭೀರವಾದ ಸಂಗತಿ ನಿಮ್ಮ ಮನೆಯ ಹಿಂಭಾಗದ ಮಣ್ಣಿನ ಗೋಡೆ. ಮಣ್ಣಿನ ಗೋಡೆ, ಮಣ್ಣಿನ ಗಾರೆಯ ಕಲ್ಲಿನ ಗೋಡೆ ನೀರು ಬಂದ ತಕ್ಷಣ ಬೀಳುವುದಿಲ್ಲ. ಅದು ಕೆಳಗಿನಿಂದ ನೀರನ್ನು ಹೀರುತ್ತ, ತನ್ನ ಬಲವನ್ನು ಕಳೆದುಕೊಳ್ಳುತ್ತ ನಿಂತಿರುತ್ತದೆ. ಹೊರಗಿನ ನೀರು ಇಳಿದು ಎರಡೂ ಬದಿಯ ಆಸರೆ ತಪ್ಪಿದ ಮೇಲೆ, ಕೆಲವೊಮ್ಮೆ ಬಿಸಿಲು ಬಿದ್ದ ಮೇಲೆ ಕುಸಿಯುತ್ತದೆ. ಮುಂಭಾಗದ ಆರ್‌ಸಿಸಿ ತೊಲೆಯ ಭಾರ ಎಲ್ಲಿಯಾದರೂ ಆ ಹಳೆಯ ಗೋಡೆಯ ಮೇಲೆ ಕುಳಿತಿದ್ದರೆ ಮಾಳಿಗೆಯೂ ಸುರಕ್ಷಿತವಲ್ಲ. ಒಬ್ಬ ಅನುಭವಿ ಗೌಂಡಿಯನ್ನು ಕರೆದು ಇದನ್ನು ಈ ಬೇಸಿಗೆಯಲ್ಲೇ ಪರೀಕ್ಷಿಸಿಕೊಳ್ಳಿ. ಮಾಳಿಗೆ ಎಂಬುದು ಬೇರೆ ದಾರಿಯೇ ಇಲ್ಲದಾಗ ಏರುವ ಜಾಗ. ಅದನ್ನು ಮೊದಲಿನಿಂದಲೇ ಯೋಜನೆಯಾಗಿ ಇಟ್ಟುಕೊಳ್ಳಬಾರದು.

ಸಿದ್ಧತೆಯಲ್ಲಿ ಮೊದಲ ಸ್ಥಾನ ತಾಯಿಯವರದು. ಇಡೀ ಮನೆ ಒಟ್ಟಿಗೆ ಹೊರಡಬೇಕೆಂಬ ನಿಯಮವೇನಿಲ್ಲ. ಸಾಂಗಲಿಯಿಂದ ಮೊದಲ ಎಚ್ಚರಿಕೆಯ ಸುದ್ದಿ ಬಂದ ದಿನವೇ ಅವರನ್ನೂ ಮಕ್ಕಳನ್ನೂ ಎತ್ತರದ ಊರಿನ ಬೀಗರ ಮನೆಗೋ ಕಾಳಜಿ ಕೇಂದ್ರಕ್ಕೋ ಕಳಿಸಿಬಿಟ್ಟರೆ ಉಳಿದವರ ಕೆಲಸ ಅರ್ಧ ಹಗುರವಾಗುತ್ತದೆ. ಅವರ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳು ಕನಿಷ್ಠ ಎರಡು ವಾರಕ್ಕಾಗುವಷ್ಟು ಚೀಟಿಯ ಸಮೇತ ಒಂದು ಡಬ್ಬಿಯಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಸದಾ ಸಿದ್ಧವಾಗಿರಲಿ. ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್, ಹೊಲದ ಉತಾರ, ಮನೆಯ ಉತಾರ, ವಿಮೆಯ ಪತ್ರ, ಮಕ್ಕಳ ಶಾಲಾ ದಾಖಲೆಗಳನ್ನು ಎರಡು ಪದರ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅದೇ ಡಬ್ಬಿಯ ಜೊತೆಗಿಡಿ. ಎಲ್ಲದರ ಫೋಟೊ ತೆಗೆದು ಬೇರೆ ಊರಿನಲ್ಲಿರುವ ಒಬ್ಬ ಸಂಬಂಧಿಕರಿಗೆ ಕಳಿಸಿರಿ. ಟಾರ್ಚು, ಚಾರ್ಜಾದ ಪವರ್ ಬ್ಯಾಂಕ್, ಸೀಟಿ, ಹಗ್ಗ, ಬೆಂಕಿಪೊಟ್ಟಣ, ಒಂದಿಷ್ಟು ನಗದು, ಹೆಣ್ಣುಮಕ್ಕಳಿಗೆ ಬೇಕಾದ ಪ್ಯಾಡ್‌ಗಳು, ಒಣ ಬಟ್ಟೆ, ಮತ್ತು ಅವಲಕ್ಕಿ, ಚುರುಮುರಿ, ಶೇಂಗಾ, ಬೆಲ್ಲ, ಕಟಕ ರೊಟ್ಟಿಯಂಥ ಒಲೆ ಬೇಡದ ತಿನಿಸು ಇಷ್ಟಿದ್ದರೆ ಸಾಕು. ಚೀಲ ದೊಡ್ಡದಾದಷ್ಟೂ ಹೊರಡುವುದು ತಡವಾಗುತ್ತದೆ. ಚೀಲದ ಕಾಳನ್ನು ಅಟ್ಟಕ್ಕೇರಿಸುವುದಕ್ಕಿಂತ ಮಾರುವುದೋ ಎತ್ತರದ ಊರಿಗೆ ಸಾಗಿಸುವುದೋ ಮೇಲು. 2019ರಲ್ಲಿ ಎದೆಮಟ್ಟ ಬಂದ ನೀರು ಮುಂದೆ ಎಂದೂ ಅದನ್ನು ಮೀರುವುದಿಲ್ಲ ಎಂಬ ಭರವಸೆ ಯಾರೂ ಕೊಡಲಾರರು. 2005ರ ಮಹಾಪೂರದ ಗುರುತನ್ನು ನಂಬಿ ಅಟ್ಟ ಕಟ್ಟಿಸಿದವರು 2019ರಲ್ಲಿ ನೀರು ಆ ಗುರುತನ್ನು ಮೀರಿದ್ದನ್ನು ಕಂಡರು.

ದನಗಳನ್ನು ಹೊಳೆ ಏರುವ ಮೊದಲೇ ಸಾಗಿಸಬೇಕು, ಏಕೆಂದರೆ ಬೆದರಿದ ಎಮ್ಮೆಯನ್ನು ಮೊಣಕಾಲು ನೀರಿನಲ್ಲಿ ಟ್ರಾಲಿಗೆ ಏರಿಸುವುದು ನಾಲ್ಕು ಜನರಿಂದಲೂ ಆಗುವ ಕೆಲಸವಲ್ಲ. ಗಳಲೆ ರೋಗ ಮತ್ತು ಚಪ್ಪೆ ರೋಗದ ಲಸಿಕೆಗಳನ್ನು ಮುಂಗಾರಿಗೆ ಮೊದಲು ಹಾಕಿಸಿ. ಕಿವಿಯ ಬಿಲ್ಲೆಯ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಬಿಲ್ಲೆ ಕಾಣುವಂತೆ ಫೋಟೊ ತೆಗೆದಿಡಿ; ಮುಂದೆ ಪರಿಹಾರ ಕೇಳುವಾಗ ಅದು ಬೇಕಾಗುತ್ತದೆ. ಒಂದು ವಾರಕ್ಕಾಗುವಷ್ಟು ಕಣಕಿಯನ್ನು ಎತ್ತರದ ಜಾಗದಲ್ಲಿ ತಾಡಪತ್ರೆ ಹೊದಿಸಿ ಬಣವೆ ಹಾಕಿ, ಏಕೆಂದರೆ ನೆರೆಯಲ್ಲಿ ನೆನೆದು ಬೂಸು ಹಿಡಿದ ಮೇವು ತಿಂದು ಸಾಯುವ ದನಗಳೂ ಇವೆ. ಕೊನೆಯ ಗಳಿಗೆಯಲ್ಲಿ ಸಾಗಿಸುವುದು ಸಾಧ್ಯವೇ ಇಲ್ಲ ಎನಿಸಿದರೆ ದಾವಣಿಯ ಹಗ್ಗಗಳನ್ನು ಕತ್ತರಿಸಿ, ಕೊಟ್ಟಿಗೆಯ ಬಾಗಿಲು ತೆರೆದು ಹೊರಡಿ. ಎಮ್ಮೆ ಚೆನ್ನಾಗಿ ಈಜುವ ಪ್ರಾಣಿ, ಅದಕ್ಕೆ ಅವಕಾಶವಿರುತ್ತದೆ. ಗೂಟಕ್ಕೆ ಕಟ್ಟಿದ ದನಕ್ಕೆ ಇರುವುದಿಲ್ಲ. ಪಶುವೈದ್ಯರ ಸಹಾಯಕ್ಕೆ 1962 ಸಂಖ್ಯೆ ಇದೆ.

ನದಿ ದಂಡೆಯ ಪಂಪ್‌ಸೆಟ್ಟಿನ ಬಗ್ಗೆ ಬೇರೆಯಾಗಿಯೇ ಹೇಳಬೇಕು. ನೀರು ಏರುತ್ತಿದೆ ಎಂದ ಕೂಡಲೇ ರೈತರು ಮಾಡುವ ಮೊದಲ ಕೆಲಸ ದಂಡೆಗೆ ಓಡಿ ಮೋಟಾರು ಬಿಚ್ಚಿ ತರುವುದು. ಸಾವಿರಾರು ರೂಪಾಯಿ ಬೆಲೆಬಾಳುವ ವಸ್ತುವನ್ನು ಕಣ್ಣೆದುರು ಮುಳುಗಲು ಬಿಡುವುದು ಸುಲಭವಲ್ಲ ಎಂಬುದು ಅರ್ಥವಾಗುವಂಥದ್ದೇ. ಆದರೆ ಕುಸಿಯುವ ದಂಡೆ, ಕೆಸರಿನಲ್ಲಿ ಜಾರುವ ಕಾಲು, ಒದ್ದೆ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಇನ್ನೂ ಹರಿಯುತ್ತಿರುವ ವಿದ್ಯುತ್ತು ಈ ಮೂರೂ ಒಂದೇ ಜಾಗದಲ್ಲಿ ಸೇರುವುದು ಅಲ್ಲಿಯೇ. ಮೋಟಾರನ್ನು ಜುಲೈ ಮೊದಲ ವಾರದಲ್ಲಿ, ಹೊಳೆ ಇನ್ನೂ ಪಾತ್ರದೊಳಗಿರುವಾಗ ಮೇಲಕ್ಕೆ ತಂದಿಡುವುದು ಒಳ್ಳೆಯದು. ತಂದಿಡದೆ ನೀರು ಏರಿದರೆ ಅದನ್ನು ಬಿಟ್ಟುಬಿಡಬೇಕು. ಮುಳುಗಿದ ಮೋಟಾರನ್ನು ಒಣಗಿಸಿ, ಅಗತ್ಯ ಬಿದ್ದರೆ ವೈಂಡಿಂಗ್ ಮಾಡಿಸಿ ಮತ್ತೆ ಬಳಸಬಹುದು.

ಮನೆ ಬಿಡುವಾಗ ಮೇನ್ ಸ್ವಿಚ್ ಆರಿಸುವುದು, ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ತೆಗೆದು ಸಿಲಿಂಡರನ್ನು ಕಿಟಕಿಯ ಸರಳಿಗೆ ಬಿಗಿಯುವುದು, ಕೀಟನಾಶಕದ ಬಾಟಲಿಗಳನ್ನು ಅತ್ಯಂತ ಎತ್ತರದ ಜಾಗಕ್ಕೆ ಏರಿಸುವುದು ಐದು ನಿಮಿಷದ ಕೆಲಸ. ಸ್ವಿಚ್ ಬೋರ್ಡಿನ ಬಳಿ ಈಗಾಗಲೇ ನೀರು ನಿಂತಿದ್ದರೆ ಅದನ್ನು ಮುಟ್ಟಲು ಹೋಗಬೇಡಿ. 1912ಕ್ಕೆ ಕರೆ ಮಾಡಿ ಹೆಸ್ಕಾಂನವರಿಗೆ ಲೈನ್ ಕಡಿತಗೊಳಿಸಲು ಹೇಳಿ.

ದಾರಿಯಲ್ಲಿ ನೀರು ಬಂದುಬಿಟ್ಟಿದ್ದರೆ? ಪ್ರತಿ ವರ್ಷ ಕಲ್ಲೋಳ–ಯಡೂರ, ಕಾರದಗಾ–ಭೋಜ, ಮಲಿಕವಾಡ–ದತ್ತವಾಡದಂಥ ಕೆಳಮಟ್ಟದ ಸೇತುವೆಗಳು ಮುಳುಗಿದಾಗ ಅವುಗಳ ಮೇಲೆ ಬೈಕು ತಳ್ಳಿಕೊಂಡು ಹೋಗುವವರು ಕಾಣಸಿಗುತ್ತಾರೆ. ಅವರು ದಿನವೂ ಓಡಾಡುವ ಹಾದಿ ಅದು, ಹೀಗಾಗಿ ಕಣ್ಣುಮುಚ್ಚಿ ನಡೆಯಬಲ್ಲೆವೆಂಬ ಧೈರ್ಯ. ಆದರೆ ಕೆಂಪು ನೀರಿನ ಕೆಳಗೆ ರಸ್ತೆಯ ಅಂಚು ನಿನ್ನೆ ಇದ್ದಂತೆಯೇ ಇಂದೂ ಇದೆ ಎಂದು ಹೇಳಲಾಗದು. ನೀರಿನ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ರಭಸದಿಂದ ಹರಿಯುವ ನೀರು 15 ಸೆಂಟಿಮೀಟರ್, ಅಂದರೆ ಕಣಕಾಲು ದಾಟುವಷ್ಟಿದ್ದರೂ ಗಟ್ಟಿ ಆಳನ್ನು ಕೆಡವಬಲ್ಲದು. ಸಣ್ಣ ಕಾರಿಗೆ ಮೊಣಕಾಲು ಮಟ್ಟದ ನೀರೂ ಬೇಕಾಗಿಲ್ಲ: ಅದರ ತಳ ಸುಮಾರು ಐದು ಚದರ ಮೀಟರ್, ತಳ ಮುಳುಗಿದ ಮೇಲೆ ಪ್ರತಿ 10 ಸೆಂಟಿಮೀಟರ್ ನೀರಿಗೂ ಸುಮಾರು 500 ಕಿಲೋ ಭಾರ ಕಡಿಮೆಯಾಗುತ್ತ ಹೋಗಿ ಚಕ್ರಗಳು ನೆಲದ ಹಿಡಿತ ಬಿಡುತ್ತವೆ. ಟ್ರ್ಯಾಕ್ಟರ್ ಎಲ್ಲಿಯಾದರೂ ಹೋಗುತ್ತದೆ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ಅದರ ದೊಡ್ಡ ಹಿಂದಿನ ಟೈರುಗಳಲ್ಲಿ ತುಂಬಿರುವ ಗಾಳಿಯೇ ಅದನ್ನು ಎತ್ತುತ್ತದೆ. ಹಿಂದೆ ಕಟ್ಟಿದ ಟ್ರಾಲಿಯಂತೂ ಹರಿವಿಗೆ ಅಡ್ಡಲಾಗಿ ನಿಂತ ಅಗಲವಾದ ಹಲಗೆ, ಮೊದಲು ಅದು ಜಾರಿ ಇಂಜಿನ್ನನ್ನೂ ಎಳೆದುಕೊಂಡು ಹೋಗುತ್ತದೆ. ಜನರನ್ನು ತುಂಬಿಕೊಂಡು ಹರಿಯುವ ನೀರಿಗೆ ಟ್ರಾಲಿ ಇಳಿಸುವುದನ್ನು ನಾನು ಯಾವ ಸಂದರ್ಭದಲ್ಲೂ ಒಪ್ಪುವುದಿಲ್ಲ. ಹರಿಯದೆ ನಿಂತ, ತಳ ಗೊತ್ತಿರುವ, ಮೊಣಕಾಲಿಗಿಂತ ಕಡಿಮೆ ನೀರನ್ನು ದಾಟಲೇಬೇಕಾದರೆ ಉದ್ದನೆಯ ಕೋಲಿನಿಂದ ಮುಂದಿನ ಹೆಜ್ಜೆಯನ್ನು ತಡವುತ್ತ, ವಿದ್ಯುತ್ ಕಂಬ ಮತ್ತು ಜೋತುಬಿದ್ದ ತಂತಿಗಳಿಂದ ದೂರವಾಗಿ, ಹಗಲಿನಲ್ಲಿ ಮಾತ್ರ ದಾಟಿ.

ಇಷ್ಟೆಲ್ಲ ಆದ ಮೇಲೂ ಸಿಕ್ಕಿಹಾಕಿಕೊಂಡರೆ, ಎಲ್ಲರೂ ಮಾಳಿಗೆಯ ಮುಂಭಾಗಕ್ಕೆ, ಮಣ್ಣಿನ ಗೋಡೆಯಿಂದ ದೂರಕ್ಕೆ ಏರಿ. ನೀರು ಇನ್ನೂ ಅಂಗಳದಲ್ಲಿರುವಾಗಲೇ ಕುಡಿಯುವ ನೀರನ್ನು ಮೇಲೆ ಸಾಗಿಸಿ: ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್‌ನಂತೆ ಏಳು ಜನರಿಗೆ ಮೂರು ದಿನಕ್ಕೆ 84 ಲೀಟರ್, ಅಂದರೆ 20 ಲೀಟರಿನ ಐದು ಕ್ಯಾನುಗಳು. ಖಾಲಿಯಾದ ಕ್ಯಾನುಗಳ ಮುಚ್ಚಳ ಬಿಗಿಯಾಗಿ ಹಾಕಿ ಇಟ್ಟುಕೊಳ್ಳಿ. ನೀರಿನಲ್ಲಿ ದೇಹದ ತೂಕ ಕೆಲವೇ ಕಿಲೋ ಆಗುವುದರಿಂದ, ಎದೆಗೆ ಭದ್ರವಾಗಿ ಕಟ್ಟಿದ ಒಂದು ಖಾಲಿ ಕ್ಯಾನು ಈಜು ಬಾರದವರನ್ನೂ ತೇಲಿಸಬಲ್ಲದು. ಆದರೆ ಇದು ಆಕಸ್ಮಿಕವಾಗಿ ಬಿದ್ದರೆ ಉಳಿಸುವ ಉಪಾಯವೇ ಹೊರತು ಇದನ್ನು ನೆಚ್ಚಿ ನೀರಿಗಿಳಿಯುವ ಉಪಾಯವಲ್ಲ. 112ಕ್ಕೆ ಅಥವಾ 1077ಕ್ಕೆ ಒಮ್ಮೆ ಕರೆ ಮಾಡಿ ಊರು, ತೋಟದ ಹೆಸರು, ಸಮೀಪದ ಗುರುತು, ಎಷ್ಟು ಜನ, ವಯಸ್ಸಾದವರು ಇದ್ದಾರೆಯೇ ಎಂಬುದನ್ನು ಹೇಳಿ. ಆಮೇಲೆ ಒಂದೇ ಫೋನನ್ನು ಬಳಸಿ, ಉಳಿದವನ್ನು ಆರಿಸಿಡಿ. ಸಿಗ್ನಲ್ ದುರ್ಬಲವಾಗಿದ್ದಾಗ ಕರೆ ಹೋಗದಿದ್ದರೂ ಸಾದಾ ಸಂದೇಶ ಹೋಗಬಹುದು. ಗಾಢ ಬಣ್ಣದ ಸೀರೆಯೊಂದನ್ನು ಕೋಲಿಗೆ ಕಟ್ಟಿ ನಿಲ್ಲಿಸಿ. ಎಸ್‌ಡಿಆರ್‌ಎಫ್ ಅಥವಾ ಎನ್‌ಡಿಆರ್‌ಎಫ್ ರಕ್ಷಣಾ ಪಡೆಯ ದೋಣಿ ಬಂದಾಗ ಎಲ್ಲರೂ ಒಂದೇ ಬದಿಗೆ ನುಗ್ಗಬಾರದು, ಲೈಫ್ ಜಾಕೆಟ್ ಹಾಕದೆ ಕೂರಬಾರದು, “ಇನ್ನೊಂದು ಗಂಟು ಇದೆ” ಎಂದು ಸಿಬ್ಬಂದಿಯನ್ನು ಕಾಯಿಸಬಾರದು. ಮಾಳಿಗೆಯ ಮೇಲೆ ನಿಮ್ಮ ಜೊತೆಗೆ ಹಾವುಗಳೂ ಏರಿರುತ್ತವೆ. ಅವನ್ನು ಹೊಡೆಯಲು ಹೋಗದೆ ಒಂದು ಮೂಲೆ ಬಿಟ್ಟುಕೊಟ್ಟರೆ ಸಾಮಾನ್ಯವಾಗಿ ಅವೂ ಅಲುಗಾಡುವುದಿಲ್ಲ.

ಹಾವು ಕಚ್ಚಿದರೆ ಕೊಯ್ಯುವುದು, ಬಾಯಿಂದ ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಯಾವುದನ್ನೂ ಮಾಡಬೇಡಿ. ಕಚ್ಚಿದ ಕೈಯೋ ಕಾಲೋ ಅಲುಗದಂತೆ ಮರದ ಪಟ್ಟಿಯಿಟ್ಟು ಕಟ್ಟಿ, ಆದಷ್ಟು ಬೇಗ ವಿಷನಿರೋಧಕ ಔಷಧ ಇರುವ ಸರ್ಕಾರಿ ಆಸ್ಪತ್ರೆಗೆ ತಲುಪಿಸಿ. ಕಟ್ಟುಹಾವು ರಾತ್ರಿ ನೆಲದಲ್ಲಿ ಮಲಗಿದವರನ್ನು ಕಚ್ಚುತ್ತದೆ, ನೋವೇ ಇರದೆ ಗೊತ್ತಾಗದೆಯೂ ಹೋಗಬಹುದು. ಆದ್ದರಿಂದ ಕಾಳಜಿ ಕೇಂದ್ರದ ಶಾಲಾ ಕೋಣೆಯಲ್ಲಿಯೂ ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿಕೊಂಡೇ ಮಲಗುವುದು ಒಳ್ಳೆಯದು.

ನೀರು ಇಳಿದ ಮೇಲಿನ ವಾರವೂ ನೆರೆಯ ವಾರದಷ್ಟೇ ಅಪಾಯದ್ದು. ಹಗಲಿನಲ್ಲಿ ಹೋಗಿ, ಮೊದಲು ಹೊರಗಿನಿಂದ ಮನೆಯ ಸುತ್ತ ನಡೆದು ನೋಡಿ. ಬಿರುಕು ಬಿಟ್ಟ, ಉಬ್ಬಿದ, ವಾಲಿದ ಗೋಡೆ ಕಂಡರೆ ಒಳಗೆ ಕಾಲಿಡಬೇಡಿ. ನಿಮ್ಮ ಮನೆಯ ಹಿಂಭಾಗದಲ್ಲಿ, ಬಿರುಕು ಕಾಣದಿದ್ದರೂ, ಗೋಡೆ ಪೂರ್ತಿ ಒಣಗುವವರೆಗೆ ಯಾರೂ ಮಲಗಬಾರದು. ಕೆಸರು ಬಳಿಯುವ ಮೊದಲೇ ಪ್ರತಿ ಕೋಣೆಯ, ನೀರಿನ ಗುರುತಿನ, ಹಾಳಾದ ಸಾಮಾನಿನ, ಹೊಲದ ಬೆಳೆಯ ಫೋಟೊ ತೆಗೆಯಿರಿ. ವೈರಿಂಗನ್ನು ಎಲೆಕ್ಟ್ರಿಷಿಯನ್ ನೋಡುವವರೆಗೆ ಮೇನ್ ಹಾಕಬೇಡಿ. ನೆನೆದ ಹಿಟ್ಟು, ಕಾಳು, ಮಾತ್ರೆ ಎಸೆಯಬೇಕು, ಮನಸ್ಸು ಒಪ್ಪದಿದ್ದರೂ.

ಕುಡಿಯುವ ನೀರು ಕೊತಕೊತ ಕುದಿ ಬಂದ ಮೇಲೆ ಕನಿಷ್ಠ ಒಂದು ನಿಮಿಷ ಕುದಿಯಬೇಕು. ಆಶಾ ಕಾರ್ಯಕರ್ತೆಯರು ಕೊಡುವ ಕ್ಲೋರಿನ್ ಮಾತ್ರೆಯಾದರೆ ಪೊಟ್ಟಣದ ಮೇಲಿನ ಪ್ರಮಾಣದಂತೆ ಹಾಕಿ ಅರ್ಧ ಗಂಟೆ ಬಿಡಬೇಕು. ಬಾವಿಯ ನೀರಿನ ಲೆಕ್ಕ ಸರಳ: ಮೀಟರಿನಲ್ಲಿ ಅಳೆದ ಬಾವಿಯ ಅಗಲವನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 785ರಿಂದ ಗುಣಿಸಿದರೆ ಲೀಟರುಗಳು ಸಿಗುತ್ತವೆ. ಮೂರು ಮೀಟರ್ ಅಗಲ, ನಾಲ್ಕು ಮೀಟರ್ ನೀರಿರುವ ಬಾವಿಯಲ್ಲಿ ಸುಮಾರು 28,000 ಲೀಟರ್ ಇರುತ್ತದೆ. ಸಾಮಾನ್ಯ ದಿನಗಳಲ್ಲಿ 1,000 ಲೀಟರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿಯಂತೆ ಅದಕ್ಕೆ 70 ಗ್ರಾಂ ಸಾಕಾಗುತ್ತದೆ. ನೆರೆ ನೀರು ನುಗ್ಗಿದ ಬಾವಿಗೆ ಅದು ಸಾಲದು. ಆರೋಗ್ಯ ಸಿಬ್ಬಂದಿಯಿಂದ ಹೆಚ್ಚಿನ ಪ್ರಮಾಣದ ಕ್ಲೋರಿನೀಕರಣ ಮಾಡಿಸಿ, ನೀರನ್ನು ಮೇಲೆತ್ತಿ ಚೆಲ್ಲಿ, ಪರೀಕ್ಷೆಯಾದ ಮೇಲೆಯೇ ಬಳಸಬೇಕು. ವಾಂತಿಭೇದಿ ಶುರುವಾದರೆ ಓಆರ್‌ಎಸ್ ಪೊಟ್ಟಣ ಸಿಗುವವರೆಗೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿ ಕುಡಿಸುತ್ತಿರಿ. ಕೆಸರು ಬಳಿಯುವಾಗ ಗಂಬೂಟು ಇರಲಿ, ಕಾಲಿನ ಗಾಯಗಳನ್ನು ಮುಚ್ಚಿಕೊಳ್ಳಿ. ಅನಂತರದ ಎರಡು ಮೂರು ವಾರಗಳಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ “ನೆರೆ ನೀರಿನಲ್ಲಿ ಕೆಲಸ ಮಾಡಿದ್ದೆ” ಎಂದು ವೈದ್ಯರಿಗೆ ತಪ್ಪದೆ ಹೇಳಿ; ಇಲಿ ಜ್ವರದ ಅನುಮಾನ ಅವರಿಗೆ ಆಗ ಬೇಗ ಬರುತ್ತದೆ.

ಪರಿಹಾರದ ವಿಷಯದಲ್ಲಿ ತಡ ಮಾಡಬೇಡಿ. ಗ್ರಾಮ ಆಡಳಿತಾಧಿಕಾರಿ ಮತ್ತು ಪಂಚಾಯಿತಿಯವರು ಮನೆಯ ಹಾನಿಯನ್ನು ಹೆಚ್ಚಿನದರಿಂದ ಕಡಿಮೆಯದಕ್ಕೆ ಎ, ಬಿ, ಸಿ ಎಂದು ವಿಂಗಡಿಸುತ್ತಾರೆ, ಮುಂದಿನ ಹಣವೆಲ್ಲ ಆ ಒಂದು ಅಕ್ಷರದ ಮೇಲೆ ನಿಲ್ಲುತ್ತದೆ. ಸಮೀಕ್ಷೆಯ ದಿನ ಮನೆಯವರೊಬ್ಬರು ಅಲ್ಲಿರಬೇಕು, ಹಿಂಭಾಗದ ಗೋಡೆಯನ್ನು ತೋರಿಸಬೇಕು, ಪಂಚನಾಮೆಯ ಪ್ರತಿ ಕೇಳಬೇಕು. ಸಮೀಕ್ಷೆ ಮುಗಿದ ಮೇಲೆ ಗೋಡೆ ಬಿದ್ದರೆ ಮತ್ತೆ ಫೋಟೊ ತೆಗೆದು ತಹಶೀಲ್ದಾರರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬೆಳೆ ವಿಮೆ ಮಾಡಿಸಿದ್ದರೆ ಹೊಲದಲ್ಲಿ ನೀರು ನಿಂತ ವಿಷಯವನ್ನು 72 ಗಂಟೆಗಳೊಳಗೆ ವಿಮಾ ಸಂಸ್ಥೆಗೆ ತಿಳಿಸಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ನಿಮ್ಮ ಬೆಳೆಗೆ ಮುಳುಗಡೆಯ ರಕ್ಷಣೆ ಇದೆಯೇ ಎಂಬುದನ್ನು ಮಾತ್ರ ವಿಮೆ ಮಾಡಿಸುವಾಗಲೇ ಕೇಳಿ ಖಚಿತಪಡಿಸಿಕೊಂಡಿರಬೇಕು. ಮನೆಯನ್ನು ಮತ್ತೆ ಕಟ್ಟುವ ಸಂದರ್ಭ ಬಂದರೆ, ಹಿಂಭಾಗವನ್ನು ಅದೇ ಜಾಗದಲ್ಲಿ ಎಬ್ಬಿಸುವ ಮೊದಲು ಎತ್ತರದ ಗಾಂವಠಾಣದಲ್ಲಿ (ಊರಿನ ವಸತಿ ಜಾಗದಲ್ಲಿ) ನಿವೇಶನ ಸಿಗುತ್ತದೆಯೇ ಎಂದು ಪಂಚಾಯಿತಿಯಲ್ಲಿ ವಿಚಾರಿಸಿ. 2009ರ ನೆರೆಯ ನಂತರ ಸಂತ್ರಸ್ತರಿಗಾಗಿ ಕಟ್ಟಿದ ಎಷ್ಟೋ ‘ಆಸರೆ’ ಮನೆಗಳು ಹೊಲದಿಂದ ದೂರವೆಂಬ ಕಾರಣಕ್ಕೆ ಖಾಲಿ ಬಿದ್ದದ್ದುಂಟು, ಆ ಕಷ್ಟ ನಿಜವಾದದ್ದೇ. ಆದರೆ ತಾಯಿ ಮತ್ತು ಮಕ್ಕಳು ಜುಲೈನಿಂದ ಸೆಪ್ಟೆಂಬರ್‌ವರೆಗೆ ಇರಲು ಮೇಲಿನ ಊರಿನಲ್ಲಿ ಎರಡು ಕೋಣೆ ಇದ್ದು, ನೀವೂ ಅಣ್ಣನವರೂ ಹೊಲ ನೋಡಿಕೊಂಡು ತೋಟದ ಮನೆಯಲ್ಲಿದ್ದರೆ, ಹೊರಡಬೇಕಾದ ದಿನ ನಿಮಗೆ ಉಳಿಯುವ ಕೆಲಸ ಮೂರು ದನಗಳನ್ನು ಬಿಚ್ಚಿ ಹೊಡೆದುಕೊಂಡು ಹೋಗುವುದು ಮಾತ್ರ.